ಕನ್ನಡಿಯ ಕಣ್ಣಿಗೊಂದು ಬೊಟ್ಟು

ಹೊಸ ಕಾರಿನ ಪೂಜೆಗೆ ಬಂದ ನಮ್ಮ ಓಣಿಯ ಅಯ್ಯನವರು ಸ್ಟೀರಿಂಗಿಗೆ ವಿಭೂತಿ ಹಚ್ಚಿದರು, ಗೇರಿಗೆ ಹಚ್ಚಿದರು, ನಾನು ಬೇಡವೆನ್ನುವುದರೊಳಗೆ ರೇಡಿಯೋಕ್ಕೂ ಹಚ್ಚಿದರು. ಆಮೇಲೆ ಅವರ ಕುಂಕುಮದ ಬೆರಳು ಒಳಗಿನ ಕನ್ನಡಿಯತ್ತ ಹೊರಟಿತು. ನಾನು ಅವರ ಕೈ ಹಿಡಿದುಬಿಟ್ಟೆ.

"ಅಲ್ಲಿ ಬ್ಯಾಡ್ರಿ ಅಯ್ಯಾರ. ಅದಕ್ಕ ಕಣ್ಣದಾವ."

ಅವರು ನನ್ನನ್ನು ನೋಡಿದರು, ಕನ್ನಡಿಯನ್ನು ನೋಡಿದರು, ಕೊನೆಗೆ ನನ್ನ ಹೆಂಡತಿಯನ್ನು ನೋಡಿದರು. ಅವಳು "ಅವರ ಕಾಕಾನ ಕಾಲದಿಂದ ಹಿಂಗರಿ" ಎಂದು ಆರತಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಎಣ್ಣೆಯಲ್ಲಿ ಕಲಸಿದ ಕುಂಕುಮದ ವಾಸನೆ ಮಾತ್ರ ಕಾರಿನಲ್ಲಿ ಉಳಿಯಿತು. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಗಜೇಂದ್ರಗಡದ ನಮ್ಮ ಕಾಕಾನ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿರುತ್ತೇನೆ. ನೀವೂ ಬಂದು ಕೂಡಿರಿ, ಜಾಗವಿದೆ. ಬುತ್ತಿಯ ಗಂಟನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಳ್ಳಬೇಕಾದೀತು.

ಎರಡು ಸಾವಿರದ ಐದಾರರ ಸುಮಾರಿನ ಮಾತು. ಕಾಕಾನದು ಸೀರೆಯ ಅಂಗಡಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೇಲೆ ಅವನಿಗೆ ಸೀರೆಗಿಂತ ಸ್ಟೀರಿಂಗಿನ ಮೇಲೆ ಪ್ರೀತಿ ಹೆಚ್ಚಾಯಿತು. ನಾನು ಅದೇ ಊರಿನಲ್ಲಿ ಶಾಲೆಯ ಮಾಸ್ತರ. ಆಗ ಕಾರು ನಡೆಸಲು ಬರುತ್ತಿರಲಿಲ್ಲ, ನಡೆಸುವವರಿಗೆ ಸಲಹೆ ಕೊಡಲು ಚೆನ್ನಾಗಿ ಬರುತ್ತಿತ್ತು. ಹೀಗಾಗಿ ನನ್ನನ್ನು ಹಿಂದಿನ ಸೀಟಿಗೆ ಖಾಯಂ ಮಾಡಿದ್ದರು. ಅಲ್ಲಿಯೂ ಸುಖವಿರಲಿಲ್ಲ. "ಮಾಸ್ತರ, ನಿನ್ನ ತಲಿ ಸರಸೋ. ಕನ್ನಡ್ಯಾಗ ಲಾರಿ ಕಾಣವಲ್ದು, ಬರೇ ನೀನ ಕಾಣಾಕತ್ತಿ" ಎನ್ನುತ್ತಿದ್ದ ಕಾಕಾ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಅವನಿಗೆ ಹಿಂದಿನ ಗಾಡಿಗಳ ಬೆಳಕು ತಡೆಯದಾಯಿತು. ನಮ್ಮ ಕಡೆ ಲಾರಿಯವರಿಗೆ ಬೆಳಕು ತಗ್ಗಿಸುವ ಡಿಪ್ಪರ್ ಎಂಬುದೊಂದಿದೆಯೆಂದು ಹೇಳಿದವರಿಲ್ಲ. ಒಂದು ಸಂಜೆ ಹಿಂದೆ ಬಂದ ಲಾರಿಯ ಬೆಳಕು ಕನ್ನಡಿಯಿಂದ ನೇರ ಕಣ್ಣಿಗೆ ಹೊಡೆದು, ಕಾಕಾ ಕಾರನ್ನು ಲಕ್ಕಲಕಟ್ಟಿಯ ಹತ್ತಿರ ಯಾರದೋ ಜೋಳದ ಹೊಲಕ್ಕೆ ಇಳಿಸಿಬಿಟ್ಟ. ಯಾರಿಗೂ ಏನೂ ಆಗಲಿಲ್ಲ, ಜೋಳಕ್ಕೆ ಸ್ವಲ್ಪ ಆಯಿತು. ಅಂದಿನಿಂದ ಕಾಕಿ ದೀಪ ಹಚ್ಚುವ ಹೊತ್ತಿಗೆ ಕಾರಿನ ಕೀಲಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಳ್ಳತೊಡಗಿದಳು. ಹೊತ್ತು ಮುಳುಗಿದ ಮೇಲೆ ಕಾರು ಕದಲುವಂತಿರಲಿಲ್ಲ.

ಈ ಕಾನೂನಿನಿಂದ ಯಾರೂ ನೆನೆಸದ ಒಂದು ಲಾಭವಾಯಿತು. ಕಾಕಿಯ ತವರು ಚಿಕ್ಕನರಗುಂದ. ಮದುವೆಯಾದಾಗಿನಿಂದ ಅವಳು ತವರಿಗೆ ಹೋದರೆ ಜೊತೆಗೆ ಹೋದ ಕಾಕಾ ಸಂಜೆಯ ಬಸ್ಸಿಗೇ ಮರಳಿ ಹೊರಡಿಸುತ್ತಿದ್ದ. ಮುಂಜಾನೆ ಅಂಗಡಿಯ ಬಾಗಿಲು ತೆಗೆಯಬೇಕಲ್ಲ. ಆ ಬಾಗಿಲನ್ನು ಇನ್ನೊಬ್ಬರು ತೆಗೆದರೆ ಲಕ್ಷ್ಮಿಗೆ ಗುರುತು ಸಿಗುವುದಿಲ್ಲವೆಂಬುದು ಅವನ ನಂಬಿಕೆ. ಈಗ ಕತ್ತಲಾದ ಮೇಲೆ ಕಾರು ಹೊರಡುವುದಿಲ್ಲವೆಂದರೆ ಒಂದು ರಾತ್ರಿ ಅಲ್ಲೇ ಉಳಿಯಬೇಕು. ಅಕ್ಕತಂಗಿಯರೆಲ್ಲ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ನಗುತ್ತಿದ್ದರು. ಕಾಕಿ ಅಷ್ಟು ನಗಬಲ್ಲಳೆಂದು ನನಗೆ ಗೊತ್ತಾದದ್ದೇ ಆ ಕಟ್ಟೆಯಲ್ಲಿ.

ಅಷ್ಟರಲ್ಲಿ ಕಾಕಾ ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಿಂದ ಕನ್ನಡಿ ತಂದ. ಪರದೇಶದ ಯಾವುದೋ ಕಾರಿನಿಂದ ಬಿಚ್ಚಿದ್ದಂತೆ. ಮಗುವನ್ನು ಸುತ್ತಿದಂತೆ ಟಾವೆಲಿನಲ್ಲಿ ಸುತ್ತಿ ತಂದಿದ್ದ.

"ಹಿಂದಿಂದ ಬೆಳಕ ಬಿದ್ದಕೂಡ್ಲೆ ಇದು ತಾನ ಮಬ್ಬಾಕ್ಕೈತಿ ನೋಡ. ಇನ್ನ ಕತ್ತಲಿ ಅನ್ನೂದ ಇಲ್ಲ."

"ಮಬ್ಬಾಗಾಕ ಕನ್ನಡಿ ಯಾಕ ಬೇಕಿತ್ರಿ," ಎಂದಳು ಕಾಕಿ. "ಮನ್ಯಾಗ ನೀವ ಇದ್ದೀರಲ್ಲ."

ಅದನ್ನು ಕೂಡಿಸಿಕೊಟ್ಟವನು ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿಗಳ ವೈರಿಂಗ್ ಮಾಡುವ ಖಾದರಸಾಬ. ಚಿಕ್ಕನರಗುಂದಕ್ಕೆ ಹೊರಟವರು ದಾರಿಯಲ್ಲಿ ಅವನ ಅಂಗಡಿಯ ಮುಂದೆ ನಿಂತೆವು. ಅವನು ಹಳೆಯ ಕನ್ನಡಿ ಕಳಚಿ ಹೊಸದನ್ನು ಬಿಗಿದ. ವೈರನ್ನು ಛಾವಣಿಯ ಬಟ್ಟೆಯೊಳಗೆ ತೂರಿಸಲು ಚಪ್ಪಟೆಯಾದದ್ದೊಂದು ಬೇಕಾದಾಗ ಕಾಕಿ ಬುತ್ತಿಯ ಗಂಟಿನಿಂದ ಚಮಚ ತೆಗೆದುಕೊಟ್ಟಳು. ಕಾಕಾ ಒಂದು ಕಡೆಯಿಂದ ಹೇಳಿಕೊಡುತ್ತಿದ್ದ, ನಾನು ಇನ್ನೊಂದು ಕಡೆಯಿಂದ. ಖಾದರಸಾಬ ಇಬ್ಬರಿಗೂ "ಹೌದ್ರಿ" ಎನ್ನುತ್ತ ತನಗೆ ತಿಳಿದಂತೆ ಮಾಡಿ ಮುಗಿಸಿದ.

"ಇದಕ್ಕ ಎರಡ ಕಣ್ಣದಾವ್ರಿ ಸಾವಕಾರ್ರ. ಮುಂದಿನ ಕಣ್ಣ ಕತ್ತಲಿ ಆತೋ ಇಲ್ಲೋ ನೋಡ್ತೈತಿ. ಈ ಕಡಿದು, ನಿಮ್ಮ ಮಾರಿ ಕಡೆ ಇರೂದು, ಹಿಂದ ಬೆಳಕ ಬಂತೋ ಇಲ್ಲೋ ನೋಡ್ತೈತಿ." ಮುಂದಿನ ಕಣ್ಣಿಗೆ ಟಾವೆಲು ಮುಚ್ಚಿ ಈಚೆಯದಕ್ಕೆ ಬ್ಯಾಟರಿಯ ಬೆಳಕು ಬಿಟ್ಟ. ಕನ್ನಡಿ ಮೆಲ್ಲಗೆ ನೀಲಿಗಟ್ಟಿ ಮಬ್ಬಾಯಿತು. ಕಾಕಾ ಎಳೆಯ ಹುಡುಗನ ಹಾಗೆ ನಕ್ಕ.

ಕಾಕಿ ಮುಂದೆ ಬಾಗಿ ಕೇಳಿದಳು: "ಈ ಕಡಿ ಕಣ್ಣ ಎಲ್ಲೈತೋ ಖಾದರ? ಇದ ಏನು, ಶೇಂಗಾಕಾಳಿನಷ್ಟು ಕಾಣಾಕತ್ತೈತಲ್ಲ?"

"ಅದರಿ ಅಕ್ಕಾರ. ಅದನ್ನ ಮುಚ್ಚಬಾರದ್ರಿ ಮತ್ತ."

"ಇಲ್ಲ ಬಿಡಪಾ," ಎಂದಳು ಕಾಕಿ.

ಆ ಸಂಜೆಯೇ ಕಾಕಾ ಚಿಕ್ಕನರಗುಂದದಿಂದ ಮರಳಿ ಹೊರಟ. ಲಾರಿಗಳು ಬಂದವು, ಕನ್ನಡಿ ಮಬ್ಬಾಯಿತು, ಕಾಕಾ ದಾರಿಯುದ್ದಕ್ಕೂ ಅದರ ಗುಣಗಾನ ಮಾಡಿದ. ಮನೆ ಬಂದ ಮೇಲೆ ಕಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸದೆ ಗೂಟಕ್ಕೆ ತೂಗುಹಾಕಿದಳು. ಕಟ್ಟೆಯ ಮೇಲಿನ ರಾತ್ರಿ ಅಲ್ಲಿಗೆ ಮುಗಿಯಿತೆಂದು ಅವಳ ಮುಖದಲ್ಲೇ ಬರೆದಿತ್ತು, ನನಗೆ ಓದಲು ಬರಲಿಲ್ಲ ಅಷ್ಟೆ.

ಮುಂದಿನ ಸಲ ತವರಿಗೆ ಹೊರಡುವಾಗ ಕಾಕಿ ಕುಂಕುಮದ ಕರಡಿಗೆ ತಂದು, ಎಣ್ಣೆಯಲ್ಲಿ ಕಲಸಿ ಕಾರಿಗೆಲ್ಲ ಬೊಟ್ಟಿಟ್ಟಳು. ಕನ್ನಡಿಗೂ ಒಂದು, ಶೇಂಗಾಕಾಳಿನಷ್ಟು. ಸಂಜೆ ಮರಳುವಾಗ ಊರ ಹೊರಗೆ ಬಂದು ಲಾರಿಯೊಂದು ಬೆನ್ನು ಹತ್ತಿದ್ದೇ ಕನ್ನಡಿ ಮಬ್ಬಾಗದೆ ಧಗಧಗ ಉರಿಯಿತು. "ತಿರಗಸ್ರಿ, ಜೀವ ಇದ್ರ ಅಂಗಡಿ" ಎಂದಳು ಕಾಕಿ. ತಿರುಗಿ ಬಂದೆವು. ನಾವು ಹೋದೆವೆಂದು ಕೈಬೀಸಿ ಕಳಿಸಿದವರ ಮನೆಯಲ್ಲಿ ನಮಗೂ ಸೇರಿಸಿ ರೊಟ್ಟಿ ಬಡಿದಿಟ್ಟಿದ್ದರು. ನಾನು ಅದನ್ನು ಬೀಗರ ದೊಡ್ಡಸ್ತಿಕೆಯೆಂದುಕೊಂಡು ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಹುಬ್ಬಳ್ಳಿಗೆ ಹೋದರೆ ಕನ್ನಡಿ ಸರಿಯಿರುತ್ತಿತ್ತು, ರೋಣಕ್ಕೆ ಹೋದರೂ ಸರಿ. ತವರಿನ ದಾರಿಯಲ್ಲಷ್ಟೇ ಕೆಡುತ್ತಿತ್ತು. ಏಕೆಂದರೆ ಮರಳಿ ಬಂದ ಮೇಲೆ ಕಾಕಿಯೇ ಬೊಟ್ಟನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಇಟ್ಟವರೇ ತೆಗೆದರೆ ದೋಷವಿಲ್ಲವಂತೆ. ಬೇರೆ ಯಾರು ಕುಂಕುಮ ಒರೆಸುತ್ತಾರೆ ಹೇಳಿ?

ಮತ್ತೊಮ್ಮೆ ಹೋಗುವಾಗ ರೋಣದಲ್ಲಿ ಕಾರು ನಿಲ್ಲಿಸಿ ಖಾದರಸಾಬನಿಗೆ ತೋರಿಸಿದೆವು. ಅವನು ವೈರುಗಳನ್ನೆಲ್ಲ ನೋಡಿದ. ಕೊನೆಗೆ ಬೊಟ್ಟನ್ನು ನೋಡಿದ, ಕಾಕಿಯನ್ನು ನೋಡಿದ. ಕಾಕಿ ಚುರುಮುರಿ ಮಾರುವವನ ಕಡೆ ನೋಡುತ್ತಿದ್ದಳು.

"ಕರೆಂಟ್ ಬರಾಕತ್ತೈತ್ರಿ ಸಾವಕಾರ್ರ. ಕನ್ನಡ್ಯಾಗ ಏನೂ ದೋಷ ಇಲ್ಲ. ಒಂದ ರಾತ್ರಿ ಕಳದ್ರ ತಾನ ಸರಿ ಹೋಕ್ಕೈತಿ."

ಆಗ ನನಗೆ ಹೊಳೆಯಿತು. ಮಾಸ್ತರನಾಗಿದ್ದಕ್ಕೆ ತಡವಾಗಿ ಹೊಳೆಯಿತೆಂದುಕೊಳ್ಳಿ. ಮರುದಿನ ಮುಂಜಾನೆ ಚಿಕ್ಕನರಗುಂದದಲ್ಲಿ ಕಾಕಾ ಒಬ್ಬನೇ ಕಾರಿನಲ್ಲಿ ಕೂತಿದ್ದಾಗ ಹತ್ತಿರ ಹೋಗಿ, ದೊಡ್ಡ ಶೋಧ ಮಾಡಿದವನಂತೆ ಹೇಳಿದೆ: "ಕಾಕಾ, ಆ ಬೊಟ್ಟ ಒರಸಿದ್ರ ಕನ್ನಡಿ ಸರಿ ಹೋಕ್ಕೈತಿ."

ಕಾಕಾ ಕನ್ನಡಿಯಲ್ಲೇ ನನ್ನನ್ನು ನೋಡಿದ.

"ಹೇಣ್ತಿ ಇಟ್ಟ ಕುಂಕುಮ ಗಂಡಾದಾಂವ ಒರಸ್ತಾನೇನೋ, ಮಬ್ಬ? ಅದರ ಕಣ್ಣ ಮುಚ್ಚಿದ್ರ ನನ್ನ ಕಣ್ಣೂ ಮುಚ್ಚಿದಂಗೇನು?" ಆಮೇಲೆ ಕಟ್ಟೆಯ ಕಡೆ ನೋಡಿ ಹೇಳಿದ: "ಇರ್ತೀನಿ ಅಂತ ಅಕಿ ಕೇಳಿದ್ರ ನಾ ಒಲ್ಲೆ ಅಂತಿದ್ದೆ. ಅಂದ ಅಂದ ಚಟಾ ಆಗೇತಿ. ಅದು ಅಕಿಗೂ ಗೊತ್ತೈತಿ. ನಿನ್ನಿ ಕಟ್ಟಿ ಮ್ಯಾಲ ಹ್ಯಾಂಗ ನಕ್ಕಳು, ಕೇಳಿದಿಲ್ಲೋ? ನಮ್ಮ ಮನ್ಯಾಗ ಹಂಗ ನಕ್ಕಿದ್ದು ನಾ ಕೇಳಿಲ್ಲ."

ಖಾದರಸಾಬನಿಗೆ ಗೊತ್ತು, ಕಾಕಾನಿಗೆ ಗೊತ್ತು, ರೊಟ್ಟಿ ಬಡಿದವರಿಗೆ ಗೊತ್ತು. ಗೊತ್ತಿಲ್ಲದೆ ಉಳಿದವನು ಹಿಂದಿನ ಸೀಟಿನವನು. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು. ಆಮೇಲೆಯೂ ಕಾಕಾ ಪ್ರತಿ ಸಲ ಕನ್ನಡಿಯನ್ನು ಬೈಯುತ್ತಲೇ ಕಾರು ತಿರುಗಿಸಿದ, ಕಾಕಿ ಪ್ರತಿ ಸಲ "ಅಯ್ಯ, ಮತ್ತ ಕೆಟ್ಟತೇನ್ರಿ?" ಎಂದು ಕೇಳಿದಳು.

ನನ್ನ ಹೆಂಡತಿಯ ತವರು ಅಸೂಟಿ. ಕಾರಿನ ಪೂಜೆಯಾದ ವಾರದಲ್ಲೇ ಅಲ್ಲಿಗೆ ಹೊರಟೆವು. ನನಗೀಗ ಕಾರು ನಡೆಸಲು ಬರುತ್ತದೆ, ಕತ್ತಲಲ್ಲಿ ಗಾಡಿಗಳ ಬೆಳಕು ಕಣ್ಣಿಗೆ ಚುಚ್ಚುವ ವಯಸ್ಸೂ ಬಂದಿದೆ. ಬ್ಯಾಗು ತುಂಬುತ್ತ ಅವಳೇ ಹೇಳಿದಳು: "ಸಂಜಿಗೆ ಲಗೂನ ಹೊಳ್ಳಿ ಬರೂಣ ಬಿಡ್ರಿ. ನಾಳಿ ನಿಮಗ ಸಾಲಿ ಐತಿ ಅಂತೀರಿ."

ಅಂತೀರಿ. ಎಷ್ಟು ವರ್ಷ ಅಂದಿದ್ದೇನೋ ನಾನು.

ದೇವರ ಮನೆಗೆ ಹೋಗಿ ಕುಂಕುಮದ ಕರಡಿಗೆ ತಂದೆ. ಅಯ್ಯನವರ ಕೈ ಹಿಡಿದು ತಡೆದ ಜಾಗದಲ್ಲೇ, ಕನ್ನಡಿಯ ಕಣ್ಣಿಗೆ ಸರಿಯಾಗಿ ಒಂದು ಬೊಟ್ಟಿಟ್ಟೆ. ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ಇವತ್ತೇನೂ ಅಮಾಸಿ ಇಲ್ಲಲ್ರಿ, ಗಾಡಿ ಪೂಜಿ ಮಾಡಾಕ?"

"ಇಲ್ಲ," ಎಂದೆ.

ಕಾಕಿಯ ಕತೆ ಅವಳಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಅವಳು ಒಳಗೆ ಹೋಗಿ ಬ್ಯಾಗಿನಲ್ಲಿ ಇನ್ನೊಂದು ಸೀರೆ ಇಟ್ಟಳು.