ಸೊನ್ನೆಗೆ ಕುಣಿದ ಮೇಷ್ಟ್ರು

ನೈರೋಬಿಗೆ ಬಂದ ಮೊದಲ ಶನಿವಾರವೇ ನಾನು ಒಬ್ಬ ಬಿಳಿ ಮುದುಕರ ಮೇಲೆ ಜಗಳಕ್ಕೆ ಎದ್ದು ನಿಂತಿದ್ದೆ. ಕರೆನ್ ಎಂಬ ಕಡೆ ಇರುವ ಮೊಮ್ಮಗಳ ಶಾಲೆಯ ಮೈದಾನ ಅದು. ಜೂನ್ ತಿಂಗಳು, ಶಾಲು ಹೊದ್ದರೂ ಹಲ್ಲು ಕಟಕಟ ಎನ್ನುವ ಚಳಿ. ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ಹತ್ತಿಸೀರೆಗಳನ್ನೇ ತುಂಬಿಕೊಂಡು ಬಂದವಳು ನಾನು. ಆ ಮುದುಕರು ಚೀಲದಿಂದ ಚೆನ್ನಾಗಿ ಹಣ್ಣಾದ ಬೆಣ್ಣೆಹಣ್ಣುಗಳನ್ನು ತೆಗೆದು, ಒಬ್ಬೊಬ್ಬ ಹುಡುಗಿಯ ಎರಡು ಕೈಗೂ ಒಂದೊಂದು ಕೊಟ್ಟರು. ತಿನ್ನುವುದಕ್ಕಲ್ಲ. ಹಣ್ಣು ಹಿಡಿದುಕೊಂಡೇ ಕಾಲಿನಲ್ಲಿ ಚೆಂಡಿಗೆ ಹೋರಾಡಬೇಕಂತೆ.

"ಅಮ್ಮ, ಕೂತ್ಕೋ. ಅವರು ಕೋಚು," ಎಂದು ಮಗಳು ಶೈಲಾ ಸೆರಗು ಹಿಡಿದು ಎಳೆದಳು.

"ಕೋಚಾದ್ರೇನು? ತಿನ್ನೋ ಪದಾರ್ಥ ಕೈಯಲ್ಲಿ ಕೊಟ್ಟು ಕುಸ್ತಿ ಮಾಡ್ಸೋದಾ?"

"ಹಣ್ಣು ಅಮುಕಿದೋರು ಔಟು. ಎದುರಿನೋರ ಶರ್ಟ್ ಎಳೀಬಾರ್ದು, ತಳ್ಳಬಾರ್ದು. ಕೈಗೆ ಬುದ್ಧಿ ಬರ್ಲಿ ಅಂತ ಹಾಗೆ ಮಾಡಿಸ್ತಾರೆ."

ಕೈಗೆ ಬುದ್ಧಿ ಎಂಬ ಮಾತು ಕೇಳಿ ಕೂತುಬಿಟ್ಟೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೈಸೂರಿನಲ್ಲಿ ಬಾಣಂತಿಯರಿಗೆ, ಎಳೆ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದೇ ನನ್ನ ಕೆಲಸವಾಗಿತ್ತು. ಮಣೆಯ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡರೆ ಅದು ಎಣ್ಣೆಯಲ್ಲಿ ಮೀನಿನ ಹಾಗೆ ಜಾರುತ್ತದೆ. ಬಿಗಿಯಾಗಿ ಹಿಡಿಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ಸ್ಕೂಲಿನಲ್ಲಿ ಕಲಿಯಲಾಗದ ಬುದ್ಧಿಯೆಲ್ಲ ನನಗೆ ಕೈಗೇ ಬಂದಿತ್ತು. ಅಭ್ಯಾಸ ಮುಗಿದ ಮೇಲೆ ಹುಡುಗಿಯರು ಅದೇ ಹಣ್ಣುಗಳನ್ನು ಕೊಯ್ದು ಉಪ್ಪು ಹಾಕಿಕೊಂಡು ತಿಂದರು. ನನಗೂ ಒಂದು ಹೋಳು ಬಂತು.

ಶೈಲಾ ಗಿಗಿರಿಯಲ್ಲಿ ದೊಡ್ಡ ಆಫೀಸಿನಲ್ಲಿದ್ದಾಳೆ. ನಮ್ಮ ಮನೆ ಹರ್ಲಿಂಗ್‌ಹ್ಯಾಮ್‌ನಲ್ಲಿ, ಐದನೇ ಮಹಡಿ. ಮೈಸೂರಿನಲ್ಲಿ ಬಾಗಿಲು ತೆಗೆದರೆ ಬೀದಿ ಒಳಗೆ ಬರುತ್ತಿತ್ತು. ಇಲ್ಲಿ ಬಾಗಿಲು ತೆಗೆದರೆ ಎದುರಿಗೆ ಇನ್ನೊಂದು ಬಾಗಿಲು. ಹಗಲೆಲ್ಲ ಬಾಲ್ಕನಿಯಲ್ಲಿ ನಿಂತು ಮಟಾಟುಗಳನ್ನು ನೋಡುತ್ತೇನೆ. ಮಟಾಟು ಎಂದರೆ ಇಲ್ಲಿಯ ಬಾಡಿಗೆ ವ್ಯಾನು. ಮೈತುಂಬ ಚಿತ್ರ, ಒಳಗೆ ಹಾಡಿನ ಅಬ್ಬರ, ಮದುವೆ ಮನೆಯೇ ಚಕ್ರ ಕಟ್ಟಿಕೊಂಡು ಓಡಿದ ಹಾಗೆ. ಉಗಾಲಿ ಎಂಬ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಕೈಗೆ ನಮ್ಮದೇ, ಬಾಯಿಗೆ ಬೇರೆ. ಸಂತೆಯಲ್ಲಿ ಒಂದು ದಿನ ಧೈರ್ಯ ಮಾಡಿ "ಧನಿಯಾ" ಎಂದೆ. ಇಲ್ಲಿ ಸೊಪ್ಪಿಗೂ ಅದೇ ಹೆಸರಂತೆ, ಆ ಹೆಂಗಸು ಸೀದಾ ಕೊತ್ತಂಬರಿ ಸೊಪ್ಪಿನ ಕಟ್ಟು ಕೊಟ್ಟಳು. ಅಸಾಂಟೆ, ಅಂದರೆ ಉಪಕಾರವಾಯಿತು, ಎಂದೆ. ಮನೆಯವರೆಗೆ ಆ ಕಟ್ಟನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದೆ.

ಮಗು ಎಂದರೆ ಈ ಮೊಮ್ಮಗಳು ಇಂಚರ. ಹುಟ್ಟಿದ್ದು ಮೈಸೂರಿನಲ್ಲಿ, ಐದು ತಿಂಗಳು ನೀರು ಹಾಕಿದ್ದು ನಾನೇ. ಈಗ ನನಗಿಂತ ಒಂದು ಗೇಣು ಎತ್ತರ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ನಾನು ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ. ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಿದರೆ ಸಾಕಪ್ಪಾ ಎಂದು ಒಳಗೊಳಗೇ ಹರಕೆ ಹೊತ್ತಿದ್ದೆ.

ಸೆಪ್ಟೆಂಬರಿನಲ್ಲಿ ಅವಳು ಬೂಟು ಬಿಸಾಡಿ, ಹಾಸಿಗೆಯ ಮೇಲೆ ಬಿದ್ದು ಅತ್ತಳು. ಮುಂದೆ ನಿಂತು ಗೋಲು ಹೊಡೆಯುತ್ತಿದ್ದವಳನ್ನು ಕೋಚು ಹಿಂದಕ್ಕೆ, ಎದುರಾಳಿಗಳನ್ನು ತಡೆಯುವ ಜಾಗಕ್ಕೆ ಹಾಕಿದ್ದರಂತೆ. ಅಕ್ಟೋಬರಿನಲ್ಲಿ ಬೇರೆ ದೇಶದ ಒಂದು ಶಾಲೆಯ ತಂಡ ಬರುತ್ತದಂತೆ. ಆ ಒಂದು ಆಟ ಆಡಿ ಫುಟ್ಬಾಲೇ ಬಿಟ್ಟುಬಿಡುತ್ತೇನೆ ಎಂದಳು. ಹಿಂದಿನ ಬೆಂಚು ಎಂದರೆ ಏನೆಂದು ನನಗೆ ಗೊತ್ತು. ಅಲ್ಲಿ ಕೂರಿಸಿದ ಮೇಲೆ ನನ್ನನ್ನು ಯಾವ ಮೇಷ್ಟ್ರೂ ತಿರುಗಿ ನೋಡಿರಲಿಲ್ಲ.

ನಮ್ಮ ಕಡೆ ಇಂಥದ್ದಕ್ಕೆ ಒಂದು ಕ್ರಮ ಇದೆಯಲ್ಲ, ಅದನ್ನೇ ಮಾಡಿದೆ. ಒಂದು ಡಬ್ಬಿ ಕೋಡುಬಳೆ, ಒಂದು ಚಿಪ್ಪು ಬಾಳೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ಮೇಷ್ಟ್ರನ್ನು ಕಾಣಲು ಹೋದೆ. ಶೈಲಾ ನಾಚಿಕೆಯಿಂದ ಸಾಯುತ್ತಾ ಜೊತೆಗೆ ಬಂದಳು. ಅವರ ಹೆಸರು ಡೀಟರ್. ಶಾಲೆಯ ಮಾಲಿ, ಕಾವಲುಗಾರರೆಲ್ಲ ಅವರನ್ನು ಮ್ವಾಲಿಮು ಎನ್ನುತ್ತಾರೆ. ಇಲ್ಲಿ ಮೇಷ್ಟ್ರಿಗೆ ಹಾಗೇ ಹೇಳುವುದು.

"ಮೇಷ್ಟ್ರೇ, ಮಗೂನ ಮುಂದಕ್ಕೆ ಹಾಕಿ. ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದೆ. ಶೈಲಾ ಅದನ್ನು ಅರ್ಧಮರ್ಧ ಮಾಡಿ ಹೇಳಿದಳು.

ಅವರು ಕೋಡುಬಳೆ ಕಡಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ತೆಗೆದುಕೊಂಡರು. ಮೈದಾನದ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತಾ ಅವರು ಹೇಳಿದ ಕಥೆಯನ್ನು ಶೈಲಾ ಕನ್ನಡಕ್ಕೆ ತಿರುಗಿಸಿದ್ದು ಹೀಗೆ.

ಜರ್ಮನಿಯಲ್ಲಿ ಕಲ್ಲಿದ್ದಲ ಗಣಿಯ ಒಂದು ಸಣ್ಣ ಊರು. ಅಪ್ಪ ನೆಲದ ಕೆಳಗೆ ದುಡಿಯುವವರು. ಹುಡುಗ ಉದ್ದ, ನಿಧಾನ. ಬೇರೆಲ್ಲಿಗೂ ಆಗುವುದಿಲ್ಲ ಎಂದು ಹಿಂದಕ್ಕೆ ನಿಲ್ಲಿಸಿದರು. ನಿಂತವರು ಹದಿನೇಳು ವರ್ಷ ಅಲ್ಲೇ ನಿಂತರು. ದೊಡ್ಡ ದೊಡ್ಡ ಮೈದಾನ, ಹೊಳೆಯ ಹಾಗೆ ಜನ, ಅವರ ಎದುರಿಗೆ ಹೆಸರುವಾಸಿ ಓಟಗಾರರು.

"ಎಷ್ಟು ಗೋಲು ಹೊಡೆದಿದ್ದಾರೆ ಕೇಳೇ," ಎಂದೆ.

ಅವರು ಎರಡು ಬೆರಳು ತೋರಿಸಿದರು. ಆಮೇಲೆ ಒಂದನ್ನು ಮಡಚಿ ನಕ್ಕರು. ಒಂದು ಎದುರಾಳಿಗೆ ಹೊಡೆದದ್ದು, ಇನ್ನೊಂದು ಕಾಲು ತಪ್ಪಿ ತಮ್ಮದೇ ಬಲೆಗೆ ಹೊಡೆದದ್ದು. ಊರಿಗೆ ಹೋದರೆ ಜನ ಇವತ್ತಿಗೂ ನೆನಪು ಮಾಡುವುದು ಆ ಎರಡನೆಯದನ್ನೇ ಅಂತೆ. ಮಂಡಿ ಹೋಯಿತು, ಕೊಯ್ದು ಹೊಲಿದರು, ಆಟ ಮುಗಿಯಿತು. ಆಮೇಲೆ ಕಲಿಸುವ ಕೆಲಸ. ಗೆದ್ದರೆ ಹಾರ, ಸೋತರೆ ಹೊರಗೆ. ಹಾಗೆ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಪೆಟ್ಟಿಗೆ ಹೊತ್ತು, ಕೊನೆಗೆ ಈ ಕೆಂಪು ಮಣ್ಣಿಗೆ ಬಂದರು. ಇನ್ನು ಪೆಟ್ಟಿಗೆ ಕಟ್ಟುವುದಿಲ್ಲವಂತೆ.

"ಮುಂದಿರೋರು ಹತ್ತು ಸಲ ತಪ್ಪಬಹುದು, ಹನ್ನೊಂದನೇ ಸಲ ಹೊಡೆದ್ರೆ ಹೀರೋ. ಹಿಂದಿರೋರು ಹತ್ತು ಸಲ ಉಳಿಸಿದ್ದು ಯಾರಿಗೂ ಕಾಣಲ್ಲ ಅಂತಾರಮ್ಮ," ಎಂದು ಶೈಲಾ ಹೇಳಿದಾಗ ನಾನು ನನ್ನ ಅಂಗೈ ನೋಡಿಕೊಂಡೆ. ನನ್ನ ಕೈಯಲ್ಲಿ ಎಷ್ಟು ಮಕ್ಕಳು ಬೆಳೆದು ಹೋದವು. ಜಾರದೇ ಇದ್ದ ಮಗುವಿನ ಬಗ್ಗೆ ಯಾರು ಮಾತಾಡುತ್ತಾರೆ? ಗಡಿಯಾಚೆಯ, ನನ್ನ ಮಾತು ಬಾರದ ಈ ಮನುಷ್ಯ ನನ್ನ ಕೆಲಸವನ್ನೇ ಮಾಡಿಕೊಂಡು ಬಂದಿದ್ದರು, ಅಷ್ಟು ಜನರ ಮುಂದೆ.

"ಈ ಒಂದು ಮ್ಯಾಚು ಹಿಂದೆ ನಿಲ್ಲಲಿ. ಆಮೇಲೂ ಬೇಕು ಅಂದ್ರೆ ಮುಂದಕ್ಕೆ ಹಾಕ್ತೀನಿ," ಎಂದರು ಮೇಷ್ಟ್ರು. ಮುಂದಿನ ವಾರ ಡಬ್ಬಿ ವಾಪಸ್ಸು ಬಂತು, ಬರಿದಾಗಿ ಅಲ್ಲ. ಅವರೇ ಸುಟ್ಟ ಕಪ್ಪು ಬ್ರೆಡ್ಡು ಇತ್ತು, ಇಟ್ಟಿಗೆಯ ಹಾಗೆ. ಕೊಟ್ಟ ಪಾತ್ರೆ ಖಾಲಿ ಕಳಿಸಬಾರದು ಎಂದು ಅವರಿಗೆ ಯಾರು ಹೇಳಿಕೊಟ್ಟರೋ.

ಆಟದ ದಿನ ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತು, ನಾವು ತಲುಪುವಾಗ ಆಟ ಶುರುವಾಗಿತ್ತು. ಜಕರಂಡ ಹೂವು ಉದುರಿ ಮೈದಾನದ ಅಂಚೆಲ್ಲ ನೇರಳೆ ಬಣ್ಣ. ನಾನಿನ್ನೂ ಕೂತಿರಲಿಲ್ಲ, ಕಿವಿಗೆ ಬಿತ್ತು:

"ಲೇ ಸಿರಿ, ಆ ಉದ್ದಕ್ಕಿರೋಳ ಕಡೆ ಹೋಗೇ, ಅವಳು ಸ್ಲೋ!"

ನಿಂತಲ್ಲೇ ನಿಂತೆ. ಬಂದದ್ದು ಬೆಂಗಳೂರಿನ ಶಾಲೆ. ಇಲ್ಲಿಯ ಭಾರತದವರೆಲ್ಲ ಗುಜರಾತಿಗಳು ಎಂದು ಅವರಿಗೆ ಯಾರೋ ಹೇಳಿರಬೇಕು; ಮಾಡುವ ಉಪಾಯವನ್ನೆಲ್ಲ ಕನ್ನಡದಲ್ಲಿ ಕೂಗಿ ಕೂಗಿ ಹೇಳುತ್ತಿದ್ದರು. ನಾಲ್ಕು ತಿಂಗಳಿಂದ ಮನೆಯ ಹೊರಗೆ ನನ್ನ ಭಾಷೆ ಕೇಳಿರಲಿಲ್ಲ. ಒಬ್ಬೊಬ್ಬಳ ಧ್ವನಿಯೂ ನಮ್ಮ ಬೀದಿಯ ಹುಡುಗಿಯರದ್ದೇ ಅನ್ನಿಸಿತು. ಅರ್ಧ ಆಟಕ್ಕೆ ಸೀಟಿ ಊದಿದ್ದೇ ತಡ, ಕೋಡುಬಳೆ ಡಬ್ಬಿ ಎತ್ತಿಕೊಂಡು ಅವರ ಕಡೆ ಹೊರಟೆ.

ಹಿಂದಿನಿಂದ ಇಂಚರ ಓಡಿ ಬಂದು ರಟ್ಟೆ ಹಿಡಿದಳು. ಕಿವಿಯ ಹತ್ತಿರ ಬಾಯಿಟ್ಟು, ಯಾರಿಗೂ ಕೇಳದ ಹಾಗೆ ಹೇಳಿದಳು:

"ಅಜ್ಜಿ, ಈಗ ಕನ್ನಡ ಮಾತಾಡಬೇಡ. ನಮಗೆ ಬರುತ್ತೆ ಅಂತ ಅವರಿಗೆ ಗೊತ್ತಾಗಬಾರದು."

ನಾನು ಹರಕೆ ಹೊತ್ತ ವಾಕ್ಯ ಅದು. ಪೂರ್ತಿ ವಾಕ್ಯ, ಎರಡೆರಡು. ಬಂದದ್ದು ನನ್ನ ಬಾಯಿ ಮುಚ್ಚಿಸಲಿಕ್ಕೆ. ಅಳಲೋ ನಗಲೋ ತಿಳಿಯದೆ ಹೋಗಿ ಕೂತೆ.

ಮಿಕ್ಕ ಆಟವನ್ನು ನಾನು ಡಬ್ಬಿ ತಬ್ಬಿಕೊಂಡೇ ನೋಡಿದ್ದು. ನನ್ನವರು ನಾಲ್ಕು ಮಾರು ದೂರದಲ್ಲಿ ನನ್ನ ಮಾತಾಡುತ್ತಿದ್ದಾರೆ, ನಾನು ಮೂಕಿ. ಅವರು "ಎಡಕ್ಕೆ ಬಿಡೇ" ಎಂದರೆ ಇಂಚರ ಅಷ್ಟು ಹೊತ್ತಿಗೆ ಅಲ್ಲಿ. "ಅವಳ ಹಿಂದೆ ಹಾಕು" ಎಂದರೆ ಅವಳು ಮೊದಲೇ ಹಿಂದೆ ಸರಿದು ನಿಂತಿದ್ದಾಳೆ. ಕೈಗಳೆರಡೂ ಕಾಣದ ಬೆಣ್ಣೆಹಣ್ಣು ಹಿಡಿದ ಹಾಗೆ ಮೃದು. ಕೊನೆಗೆ ಆ ಸಿರಿ ಎಂಬ ಹುಡುಗಿ ಚೆಂಡಿನೊಂದಿಗೆ ಗಾಳಿಯ ಹಾಗೆ ನುಗ್ಗಿ ಬಂದಳು. ಇಂಚರ ಅಡ್ಡ ಜಾರಿ ಚೆಂಡನ್ನು ಬೇಲಿಯಾಚೆಗೆ ಒದ್ದಳು. ಸಿರಿ ಮುಗ್ಗರಿಸಿ ಬಿದ್ದು "ಅಮ್ಮಾ" ಎಂದಳು. ಒಂದೇ ಕ್ಷಣದಲ್ಲಿ ನನ್ನ ಎರಡು ಕೈ ಚಪ್ಪಾಳೆಗೆ ಏಳಬೇಕೋ, ಅವಳನ್ನು ಎತ್ತಲು ಹೋಗಬೇಕೋ ಗೊತ್ತಾಗದೆ ನಡುವೆಯೇ ನಿಂತವು.

ಸೀಟಿ. ಸೊನ್ನೆ, ಸೊನ್ನೆ. ಮೇಷ್ಟ್ರು ಆ ಹಾಳು ಮಂಡಿಯ ಮೇಲೆಯೇ ಕುಣಿದರು. ಒಂದು ಸೊನ್ನೆಗೆ ಮನುಷ್ಯ ಅಷ್ಟು ಕುಣಿಯುವುದನ್ನು ನಾನು ನೋಡಿರಲಿಲ್ಲ.

"ಅವರು ಎಲ್ಲಿಗೆ ಬರ್ತಾರೆ ಅಂತ ನಿಂಗೆ ಹೇಗೆ ಗೊತ್ತಾಗ್ತಿತ್ತು?" ಎಂದು ಅವರು ಇಂಚರಳನ್ನು ಕೇಳಿದರಂತೆ. ಅವಳು ನನ್ನ ಕಡೆ ಬೆರಳು ತೋರಿಸಿ, ಅದು ಅಜ್ಜಿಯ ಭಾಷೆ ಎಂದಳಂತೆ. ಮೇಷ್ಟ್ರ ಕುಣಿತ ನಿಂತಿತು. ಅವರ ಅಜ್ಜಿಯೂ ಗಡಿಯಾಚೆಯಿಂದ, ಪೋಲೆಂಡಿನಿಂದ ಬಂದವರಂತೆ. ತಮ್ಮ ಮಾತಲ್ಲೇ ಮೊಮ್ಮಗನನ್ನು ಕರೆಯುತ್ತಿದ್ದರು, ಇವರು ಜರ್ಮನ್ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದರು. ಆಕೆ ತೀರಿಹೋಗುವವರೆಗೂ ಒಂದು ಸಲವೂ ಆಕೆಯ ಮಾತಲ್ಲಿ ಉತ್ತರ ಕೊಡಲಿಲ್ಲವಂತೆ. ಶೈಲಾ ಇದನ್ನು ನನಗೆ ಹೇಳುವಾಗ ಅವರು ಹುಲ್ಲು ನೋಡುತ್ತಾ ನಿಂತಿದ್ದರು. ಆಮೇಲೆ ಇಂಚರಳನ್ನು, ಮುಂದಿನ ವಾರ ಮುಂದಕ್ಕೆ ಬರುತ್ತೀಯಾ ಎಂದು ಕೇಳಿದರು.

ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಹಿಂದೆ ನಿಂತರೆ ಎಲ್ಲ ಕೇಳಿಸುತ್ತದೆ ಎಂದಳಂತೆ.

ಆಗ ನಾನು ಡಬ್ಬಿ ಹಿಡಿದು ಬೆಂಗಳೂರಿನ ಹುಡುಗಿಯರ ಹತ್ತಿರ ಹೋದೆ. "ತಗೊಳ್ರೇ, ಕೋಡುಬಳೆ."

ಅವರ ಮುಖ ನೋಡಬೇಕಿತ್ತು. "ಅಜ್ಜೀ, ನೀವು ಕನ್ನಡದವ್ರಾ? ಹಾಗಾದ್ರೆ ಅವಳು?"

"ಉದ್ದಕ್ಕಿರೋಳು," ಎಂದಳು ಇಂಚರ, ಒಂದೊಂದೇ ಅಕ್ಷರ ಜೋಡಿಸುತ್ತಾ. "ಸ್ಲೋ."

"ಅಯ್ಯೋ ಕಳ್ಳಿ, ಎಲ್ಲಾ ಕೇಳಿಸ್ಕೊಂಡು ಸುಮ್ನಿದ್ಯಾ?" ಎಂದು ಸಿರಿ ಅವಳ ಬೆನ್ನಿಗೊಂದು ಗುದ್ದಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಸಿರಿಯ ಮಂಡಿ ತರಚಿ ರಕ್ತ ಜಿನುಗುತ್ತಿತ್ತು. ಅವಳ ಅಜ್ಜಿಯ ಮನೆ ಮೈಸೂರಿನಲ್ಲಂತೆ, ವಾಪಸ್ಸು ಹೋದ ಮೇಲೆ ದಸರೆಗೆ ಅಲ್ಲಿಗೇ ಹೋಗುತ್ತಾಳಂತೆ. ನಾನು ಹುಲ್ಲಿನ ಮೇಲೆ ಕೂತು ಹಳೆಯ ಅಭ್ಯಾಸಕ್ಕೆ ಎರಡು ಕಾಲನ್ನೂ ಚಾಚಿದೆ, ಅವಳ ಕಾಲನ್ನು ಎತ್ತಿ ನನ್ನ ಕಾಲ ಮೇಲೆ ಇಟ್ಟುಕೊಂಡು ಬಾಟಲಿಯ ನೀರು ಹನಿಸಿ ತೊಳೆದೆ. ನೈರೋಬಿಯ ಕೆಂಪು ಮಣ್ಣು ನನ್ನ ಊರಿನ ಹುಡುಗಿಯ ಚರ್ಮದಿಂದ ಇಳಿದು ಹೋಯಿತು.

"ನಮ್ಜೊತೆ ಮೈಸೂರಿಗೆ ಬಂದ್ಬಿಡಿ ಅಜ್ಜಿ, ಏರ್‌ಪೋರ್ಟ್ ಬಸ್ಸಲ್ಲಿ ಜಾಗ ಇದೆ," ಎಂದಳು ಸಿರಿ.

"ಅಜ್ಜಿ, ನೀನು ಯಾರ ಕಡೆ?" ಎಂದು ಇಂಚರ ಮೇಲಿಂದ ಕೇಳಿದಳು, ಕನ್ನಡದಲ್ಲೇ.

ಉತ್ತರಕ್ಕೆ ಅವಳು ಕಾಯಲಿಲ್ಲ. ಪಕ್ಕದಲ್ಲಿ ಕುಕ್ಕರಿಸಿ ತನ್ನ ಮಣ್ಣಾದ ಉದ್ದ ಕಾಲನ್ನೂ ತಂದು ನನ್ನ ಇನ್ನೊಂದು ಕಾಲ ಮೇಲೆ ಚಾಚಿದಳು. ಬಾಟಲಿಯಲ್ಲಿ ಸ್ವಲ್ಪವೇ ನೀರು ಉಳಿದಿತ್ತು. ಇಬ್ಬರಿಗೂ ಹಂಚಿ ಹಾಕಿದೆ.