ಮೊಳೆಯಲ್ಲೇ ಉಳಿದ ಬೀಗದ ಕೈ

ಮಧುಗಿರಿಯ ಲಾಡ್ಜ್ ಮಾಲೀಕರು ಸಂಘ ಕಟ್ಟಿಕೊಂಡಿದ್ದಾರೆ ಅಂತ ಕೇಳಿದಾಗ ನನಗೆ ನಗು ಬಂದಿತ್ತು. ಇದ್ದದ್ದೇ ನಾಲ್ಕು ಲಾಡ್ಜು. ಎಂಬತ್ತರ ದಶಕದ ಶುರುವಿನಲ್ಲಿ ನಾನು ಹೊಲಿಗೆ ಯಂತ್ರ ಮಾರುತ್ತಾ ಊರೂರು ಅಲೆಯುತ್ತಿದ್ದೆ. ಒಂದು ದಿನ ಬೆಳಿಗ್ಗೆ ಅಲ್ಲಿನ ಸಿದ್ದಪ್ಪನವರ ಲಾಡ್ಜಿನ ಹಾಸಿಗೆಯಲ್ಲಿ ತಿಗಣೆ ಕಂಡು, ಅವರ ಮುಖಕ್ಕೇ ಹಾಗಂದು, ಎದುರಿನ ಲಾಡ್ಜಿಗೆ ಹೋದೆ.

ಅಲ್ಲಿನ ಮಾಲೀಕರು ಗೋಡೆಯಲ್ಲಿದ್ದ ಮೊಳೆ ತೋರಿಸಿದರು. "ಬೆಟ್ಟ ಹತ್ತೋರು ಬೀಗದ ಕೈ ಇಲ್ಲಿ ಹಾಕಿ ಹೋಗ್ಬೇಕು ಸಾರ್. ಹೊತ್ತು ಮುಳುಗಿದ್ರೂ ಇಲ್ಲೇ ಇದ್ರೆ ನಾವು ಹುಡುಕ್ಕೊಂಡು ಬರ್ತೀವಿ. ಸಂಘದ ರೂಲು."

ನಾನೂ ಬೆಟ್ಟ ಹತ್ತೋಣವೆಂದು ಬೀಗದ ಕೈ ಮೊಳೆಗೆ ಹಾಕಿ ಹೊರಟೆ. ಬುಡದಲ್ಲಿ ನಿಂತು ಆ ಕಡಿದಾದ ಬಂಡೆ ನೋಡಿದ್ದೇ ಹತ್ತುವ ಆಸೆ ಬಿಟ್ಟೆ. ಯಾರಿಗೂ ಹೇಳದೆ ಕೊರಟಗೆರೆ ಬಸ್ಸು ಹತ್ತಿ, ಅಲ್ಲಿನ ದರ್ಜಿಯೊಬ್ಬರ ಜೊತೆ ವ್ಯಾಪಾರ ಮಾತಾಡಿ, ಕತ್ತಲಾದ ಮೇಲೆ ವಾಪಸು ಬಂದೆ.

ಕೌಂಟರಿನಲ್ಲಿ ಮಾಲೀಕರ ಹೆಂಡತಿ ಒಬ್ಬರೇ ಇದ್ದರು. ನನ್ನನ್ನು ಕಂಡು ಹಣೆ ಚಚ್ಚಿಕೊಂಡರು. "ಇಲ್ಲೇ ಅವ್ರಲ್ಲಪ್ಪಾ! ನಿಮ್ಮನ್ನ ಹುಡುಕಾಕೆ ಎಲ್ಲಾ ಬೆಟ್ಟಕ್ಕೆ ಹೋಗವ್ರೆ!"

ಸ್ವಲ್ಪ ಹೊತ್ತಿಗೆ ನಾಲ್ಕು ಟಾರ್ಚು ಬೀದಿಗೆ ಬಂದವು. ನಾಲ್ಕೂ ಲಾಡ್ಜಿನ ಮಾಲೀಕರು. ಎಲ್ಲರಿಗಿಂತ ಮುಂದೆ ಸಿದ್ದಪ್ಪನವರು, ಮಂಡಿ ತರಚಿಕೊಂಡಿದ್ದರು. ನಾಚಿಕೆಯಿಂದ, "ನಾನು ನಿಮ್ಮ ಗಿರಾಕಿಯೂ ಅಲ್ಲವಲ್ಲ ಸ್ವಾಮಿ" ಅಂದೆ.

"ಹುಡುಕೋದು ಸಂಘದ ಕೆಲ್ಸ, ಅದುಕ್ಕೆ ಬಂದೆ. ಬಯ್ಯೋದು ಮಾತ್ರ ರೂಮ್ ಕೊಟ್ಟೋರ ಕೆಲ್ಸ. ಅದೂ ರೂಲೇ" ಅಂದು ಪಕ್ಕಕ್ಕೆ ಸರಿದು ನಮ್ಮ ಮಾಲೀಕರಿಗೆ ಜಾಗ ಬಿಟ್ಟರು.

ನಮ್ಮ ಮಾಲೀಕರು ಆ ರೂಲನ್ನು ಚಾಚೂ ತಪ್ಪದೆ ಪಾಲಿಸಿದರು. ತಿಗಣೆಯೇ ವಾಸಿಯಿತ್ತು.