ಕ್ಷೇಮ ಬರೆಯದ ಕಾಗದ

ಯುದ್ಧ ನಡೆಯುತ್ತಿದ್ದ ದಿನಗಳು. ಬೆಂಗಳೂರಿನ ಕಾಲೇಜಿನಿಂದ ರಜಕ್ಕೆ ನಮ್ಮ ಹಳ್ಳಿ ಮಧುರೆಗೆ ನಾನು ಪೆಟ್ಟಿಗೆಯಲ್ಲಿ ಎರಡು ಪಂಚೆ, ತಲೆಯಲ್ಲಿ ಹೊಸ ಮಾದರಿಯ ಇಂಗ್ಲಿಷ್ ಕಾದಂಬರಿಗಳನ್ನು ತುಂಬಿಕೊಂಡು ಬಂದಿದ್ದೆ. ಕಥೆಗೆ ಆದಿ ಬೇಡ, ಅಂತ್ಯ ಬೇಡ. ನಿನ್ನೆ ನಾಳೆಗಳು ಕಲಸಿಹೋಗಲಿ. ಮನಸ್ಸು ಹರಿದಂತೆ ವಾಕ್ಯ ಹರಿಯಲಿ. ಬರೆದವನು ಮಾತ್ರ ಎಲ್ಲೂ ಕಾಣಿಸಬಾರದು. ಇದನ್ನೆಲ್ಲ ರಾಗಿ ಕಣದಲ್ಲಿ ಕೂತು ವಿವರಿಸುತ್ತಿದ್ದೆ. ಎತ್ತುಗಳು ಎದ್ದುಹೋಗದೆ ಕೇಳಿದವು, ಅವನ್ನು ಕಟ್ಟಿಹಾಕಿದ್ದರು.

ಪಕ್ಕದ ಮನೆಯ ದೊಡ್ಡವ್ವನ ಒಬ್ಬನೇ ಮಗ ಮಿಲಿಟರಿ ಸೇರಿ ಬರ್ಮಾ ಗಡಿಯಲ್ಲಿದ್ದ. ಅವಳಿಗೆ ಓದುಬರಹ ಬಾರದು. ಕಾಗದ ಬರೆದುಕೊಡುತ್ತಿದ್ದ ಮೇಷ್ಟ್ರು ವರ್ಗವಾಗಿ ಹೋಗಿದ್ದರಿಂದ ನನ್ನ ಹತ್ತಿರ ಬಂದಳು.

"ಮೊದ್ಲು ಕ್ಷೇಮ ಅಂತ ಬರಿ ಮಗ. ಆಮ್ಯಾಕೆ ಹಸ ಕರ ಹಾಕೈತೆ ಅಂತ ಬರಿ."

'ಇತ್ತ ನಾವೆಲ್ಲ ಕ್ಷೇಮ' ಎಂಬ ಸವೆದ ಸಾಲನ್ನು ನನ್ನಂಥ ಕಲಾವಿದ ಬರೆಯುವುದುಂಟೆ? ಹೀಗೆ ಶುರುಮಾಡಿದೆ: "ಹಂಡೆಯಲ್ಲಿ ನೀರು ಕಾಯುತ್ತಿದೆ. ತೊಟ್ಟಿಲಲ್ಲಿ ನೀನು. ಕರುವಿನ ಮೂತಿಯ ನೊರೆ. ಬಾಗಿಲು. ಬಾಗಿಲಲ್ಲಿ ಅವ್ವ ಇಲ್ಲ, ಬಿಸಿಲು ಇದೆ." ಎಷ್ಟು ಚೆನ್ನಾಗಿದೆ ಎಂದು ನಾನೇ ಎರಡು ಸಲ ಓದಿಕೊಂಡೆ. ಅವಳಿಗೆ ಓದಿ ಹೇಳುವಾಗ ಮಾತ್ರ ಕ್ಷೇಮ, ಹಸು, ಕರು ಎಂದು ಬಾಯಿಗೆ ಬಂದಂತೆ ಸೇರಿಸಿದೆ. ಮಿಲಿಟರಿ ಕಾಗದ ಒಡೆದು ನೋಡುವ ಸೆನ್ಸಾರಿನವರೂ ಒಂದು ಅಕ್ಷರಕ್ಕೂ ಮಸಿ ಬಳಿದಿರಲಾರರು. ಅರ್ಥವಾದರೆ ತಾನೆ ಬಳಿಯುವುದು!

ಎರಡು ತಿಂಗಳಾದ ಮೇಲೆ, ನಾನು ಮತ್ತೆ ಊರಿಗೆ ಬಂದಿದ್ದಾಗ ಉತ್ತರ ಬಂತು. ದೊಡ್ಡವ್ವ, ಹಿಂದೆಂದೋ ಕುಡುಗೋಲು ತಾಗಿ ಕಿರುಬೆರಳ ತುದಿ ಹೋಗಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಜಗುಲಿಯ ಮೇಲೆ ಕೂತಳು. ನಾನು ಕವರು ಒಡೆದು ಮನಸ್ಸಿನಲ್ಲೇ ಓದಿಕೊಂಡೆ.

"ಕಾಗದ ಬರೆದವರಿಗೆ ನಮಸ್ಕಾರ. ಕ್ಷೇಮ ಅಂತ ಇಲ್ಲದ್ದು ನೋಡಿದಾಗಲೇ ಅವ್ವ ಹೋದಳು ಅಂತ ತಿಳಿಯಿತು. ತಲೆ ಬೋಳಿಸಿಕೊಂಡು ಇಲ್ಲೇ ಹೊಳೆಯಲ್ಲಿ ಮುಳುಗಿದೆ. ಕೊನೆಗಳಿಗೆಯಲ್ಲಿ ನನ್ನನ್ನು ಕರೆದಳೋ ಇಲ್ಲವೋ, ಅದೊಂದು ಬರೆಯಿರಿ."

ನಮ್ಮ ಕಡೆ ಕ್ಷೇಮವಿಲ್ಲದೆ ಕಾಗದ ಬರೆಯುವುದು ಸಾವಿನ ಸುದ್ದಿಗೆ ಮಾತ್ರ. ಊರಿಗೆಲ್ಲ ಗೊತ್ತಿದ್ದ ಇದು ಬಿ.ಎ. ಓದುತ್ತಿದ್ದ ನನಗೆ ಮರೆತುಹೋಗಿತ್ತು.

"ಏನಂತೆ ಮಗ? ಹೊತ್ತೊತ್ತಿಗೆ ಉಣ್ತಾವ್ನಂತಾ?" ಅಂದಳು ದೊಡ್ಡವ್ವ.

ಬರೆದವನು ಮಾಯವಾಗುವ ಆ ತಂತ್ರ ಆಗ ತುರ್ತಾಗಿ ಬೇಕಾಗಿತ್ತು, ಕೈಗೆ ಸಿಗಲಿಲ್ಲ. ಅವಳಿಗೆ ಪೂರ್ತಿ ಓದಿದೆ. ನಾನು ಮಾಡಿದ್ದನ್ನೂ ಹೇಳಿದೆ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ. ಒಳಗೆ ಹೋಗಿ ಅರಿಸಿನ ಕಲಸಿ ತಂದಳು. ಶುಭದ ಕಾಗದಕ್ಕೆ ಹಚ್ಚುವಂತೆ ಖಾಲಿ ಹಾಳೆಯ ನಾಲ್ಕು ಮೂಲೆಗೂ ಹಚ್ಚಿ, ನಡುವೆ ಅರಿಸಿನದ ಅಂಗೈಯನ್ನು ಊರಿದಳು. ತುದಿ ಹೋದ ಕಿರುಬೆರಳೂ ಮೂಡಿತು.

"ಈ ಕೈ ಅವ್ನಿಗೆ ಗೊತ್ತಾಯ್ತದೆ. ನೀನೇನೂ ಬರೀಬ್ಯಾಡ ಮಗ. ವಿಳಾಸ ಒಂದ್ ಹಾಕ್ಕೊಡು, ಸಾಕು."